ಸೀತಾಳೆ ಹೂವಿನ ಪಹಣಿ ಯಾರ ಕೈಲಿರಬೇಕು?

ಮಲೆನಾಡಿನವರಿಗೆ ಸೀತಾಳೆ ದಂಡೆಯ ಪರಿಚಯ ಮಾಡಿಕೊಡಬೇಕಿಲ್ಲ. ಮುಂಗಾರು ಹಿಡಿಯುವ ಹೊತ್ತಿಗೆ ಮರದ ಕೊಂಬೆಯಿಂದ ಜಡೆಯ ಹಾಗೆ ಇಳಿಬೀಳುವ ಹೂಗೊಂಚಲು ಅದು. ಬಯಲುಸೀಮೆಯವರು ಅದೇ ಕುಟುಂಬದ ಹೂಗಳನ್ನು ಮದುವೆ ಮಂಟಪದಲ್ಲಿ ನೋಡಿರುತ್ತಾರೆ. ನೇರಳೆ ಮತ್ತು ಬಿಳಿ ಬೆರೆತ, ದಿನಗಟ್ಟಲೆ ಬಾಡದ ಆರ್ಕಿಡ್ ಹೂಗಳು. ಹೂವಿನ ವ್ಯಾಪಾರಿಯನ್ನು ಹೆಸರು ಕೇಳಿದರೆ ‘ಸೋನಿಯಾ’ ಎನ್ನುತ್ತಾರೆ. ಪಾಲಿಹೌಸ್‌ನಲ್ಲಿ ಬೆಳೆಯುವವರು ಇನ್ನೂ ಖಚಿತವಾಗಿ ‘ಡೆಂಡ್ರೋಬಿಯಂ ಸೋನಿಯಾ 17’ ಎನ್ನುತ್ತಾರೆ.

ಈ ಸೋನಿಯಾ ಕಾಡಿನ ಗಿಡವಲ್ಲ. ಎರಡು ಗಿಡಗಳನ್ನು ಕೂಡಿಸಿ ಮನುಷ್ಯ ಮಾಡಿದ ತಳಿ. ಒಂದು ಕಡೆ ‘ಸೀಸರ್’ ಎಂಬ ಗಿಡ, ಇನ್ನೊಂದು ಕಡೆ ‘ಟೋಮಿ ಡ್ರೇಕ್’ ಎಂಬ ಗಿಡ. ಆ ಎರಡಕ್ಕೂ ಅಪ್ಪ ಅಮ್ಮ ಇದ್ದಾರೆ. ಹೀಗೆ ಹಿಂದೆ ಹಿಂದೆ ಹೋದರೆ ಕೊನೆಗೆ ಯಾವುದೋ ಕಾಡಿನ ಗಿಡಕ್ಕೆ ಹೋಗಿ ಮುಟ್ಟುತ್ತೇವೆ. ಈ ವಂಶಾವಳಿಯನ್ನು ಇವತ್ತು ಯಾರು ಬೇಕಾದರೂ ಮೊಬೈಲಿನಲ್ಲಿ ಒಂದು ಪೈಸೆ ಕೊಡದೆ ನೋಡಬಹುದು. ಅದನ್ನು ಇಟ್ಟುಕೊಂಡಿರುವುದು ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ, ಅಂದರೆ ಅಲ್ಲಿನ ತೋಟಗಾರರ ಸಂಘ. ಆದರೆ ಬಹಳ ಕಾಲ ಇದೇ ಪಟ್ಟಿ ದಪ್ಪ ದಪ್ಪ ಪುಸ್ತಕಗಳಲ್ಲಿತ್ತು. ಕಾಸು ಕೊಟ್ಟವರಿಗೆ ಮಾತ್ರ ಕಾಣುತ್ತಿತ್ತು.

ಪುಸ್ತಕದಲ್ಲಿದ್ದ ಪಟ್ಟಿ ಮೊಬೈಲಿಗೆ ಹೇಗೆ ಬಂತು, ಇದರಲ್ಲಿ ಯಾರಿಗೆ ಲಾಭವಾಯಿತು, ಏನು ಕಳೆದುಹೋಯಿತು, ನಮ್ಮ ಹಳ್ಳಿಗೂ ಇದಕ್ಕೂ ಏನು ಸಂಬಂಧ? ಈ ಸಲ ನಾವು ಹೇಳಹೊರಟಿರುವುದು ಆ ಕಥೆಯನ್ನು.

ಮೊದಲು ಪಹಣಿಯ ಮಾತು

ಗಿಡದ ಪಟ್ಟಿ ಎಂದರೆ ಏನು ಎಂಬುದು ಪಹಣಿ ಗೊತ್ತಿರುವ ರೈತರಿಗೆ ಬೇಗ ತಿಳಿಯುತ್ತದೆ. ಜಮೀನು ಯಾರದು, ಎಷ್ಟು, ಯಾರಿಂದ ಬಂತು ಎಂಬುದನ್ನು ಹೇಳುವುದು ಪಹಣಿ. ಶ್ಯಾನುಭೋಗರ ಕಾಲದಲ್ಲಿ ಅದು ಅವರ ಕಡತದಲ್ಲಿರುತ್ತಿತ್ತು. ನಮ್ಮ ಜಮೀನಿನ ಬಗ್ಗೆ ಅದರಲ್ಲಿ ಏನು ಬರೆದಿದೆ ಎಂದು ತಿಳಿಯಲು ನಾವೇ ಅವರ ಮರ್ಜಿ ಕಾಯಬೇಕಿತ್ತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು ಪಹಣಿಗಳು ಕಂಪ್ಯೂಟರಿಗೆ ಏರಿದವು. ಈಗ ಸರ್ವೆ ನಂಬರ್ ಹಾಕಿದರೆ ಮೊಬೈಲಿನಲ್ಲೇ ವಿವರ ಕಾಣುತ್ತದೆ. ಬ್ಯಾಂಕಿಗೆ, ಕೋರ್ಟಿಗೆ ಕೊಡುವ ಪ್ರತಿ ಬೇಕಾದರೆ ಮಾತ್ರ ಶುಲ್ಕ ಕಟ್ಟುತ್ತೇವೆ.

ಹೂವಿನ ಪಟ್ಟಿಯೂ ಇಂಥದ್ದೇ. ಗಿಡದ ಹೆಸರೇನು, ತಾಯಿ ತಂದೆ ಯಾರು, ಕೂಡಿಸಿದವರು ಯಾರು, ಹೆಸರು ಬರೆಸಿದವರು ಯಾರು, ಯಾವ ದಿನ ಎಂಬಷ್ಟೇ ಅದರಲ್ಲಿರುತ್ತದೆ. ಒಂದು ಗಿಡಕ್ಕೆ ಒಂದೇ ಸಾಲು. ಆದರೆ ಆ ಒಂದು ಸಾಲಿನ ಮೇಲೆ ವ್ಯಾಪಾರ ನಿಂತಿದೆ, ಹೆಸರು ನಿಂತಿದೆ, ಕೆಲವೊಮ್ಮೆ ಒಬ್ಬರ ಮಾನವೂ ನಿಂತಿದೆ.

ಘಟ್ಟದ ಗಿಡಗಳ ಬಂಧುಗಳಿಂದ ಶುರು

ಮನುಷ್ಯ ಕೈಯಿಂದ ಕೂಡಿಸಿದ ಮೊದಲ ಆರ್ಕಿಡ್ ಇಂಗ್ಲೆಂಡಿನ ಎಕ್ಸೆಟರ್ ಊರಿನಲ್ಲಿ 1856ರಲ್ಲಿ ಹೂಬಿಟ್ಟಿತು. ವೀಚ್ ಎಂಬವರ ನರ್ಸರಿಯಲ್ಲಿ ಕೆಲಸಕ್ಕಿದ್ದ ಜಾನ್ ಡೊಮಿನಿ ಎಂಬ ತೋಟಗಾರ ಇದನ್ನು ಮಾಡಿದರು. ಆರ್ಕಿಡ್ ಹೂವಿನ ಗಂಡು ಭಾಗ ಯಾವುದು, ಹೆಣ್ಣು ಭಾಗ ಯಾವುದು ಎಂದು ತೋರಿಸಿಕೊಟ್ಟು ಈ ಪ್ರಯತ್ನಕ್ಕೆ ಹಚ್ಚಿದವರು ಅದೇ ಊರಿನ ಜಾನ್ ಹ್ಯಾರಿಸ್ ಎಂಬ ವೈದ್ಯರು. ಹೊಸ ಗಿಡಕ್ಕೆ ತೋಟಗಾರನ ಹೆಸರನ್ನೇ ಇಟ್ಟು ‘ಕ್ಯಾಲಂತೆ ಡೊಮಿನಿಯೈ’ ಎಂದು ಕರೆದರು.

ನಮಗೆ ಸ್ವಾರಸ್ಯ ಅನಿಸುವುದು ಅದರ ತಾಯಿ ತಂದೆಯ ವಿಚಾರ. ಏಷ್ಯಾದಿಂದ ಹೋದ ಎರಡು ಜಾತಿಯ ಕ್ಯಾಲಂತೆ ಗಿಡಗಳು ಅವು. ನೇರಳೆ ಹೂವಿನದೊಂದು, ಬಿಳಿ ಹೂವಿನದೊಂದು. ಆ ಎರಡೂ ಜಾತಿಗಳು ನಮ್ಮ ಪಶ್ಚಿಮ ಘಟ್ಟದ ತಂಪು ಕಾಡುಗಳಲ್ಲೂ ನೆಲದ ಮೇಲೆ ಬೆಳೆಯುತ್ತವೆ.

ಆ ಕಾಲದ ದೊಡ್ಡ ಆರ್ಕಿಡ್ ಪಂಡಿತ ಜಾನ್ ಲಿಂಡ್ಲಿ. ಈ ಹೂವನ್ನು ನೋಡಿ, ಇನ್ನು ಮೇಲೆ ಸಸ್ಯಶಾಸ್ತ್ರಜ್ಞರಿಗೆಲ್ಲ ತಲೆ ಕೆಡುತ್ತದೆ ಎಂಬರ್ಥದ ಮಾತು ಆಡಿದರೆಂದು ಹೇಳುತ್ತಾರೆ. ಅವರ ಮಾತು ನಿಜವಾಯಿತು. ಒಂದೇ ಜೋಡಿಯನ್ನು ಇಬ್ಬರು ಬೇರೆ ಬೇರೆ ಊರಿನಲ್ಲಿ ಕೂಡಿಸಿದರೆ ಎರಡು ಹೆಸರು. ಬೇರೆ ಬೇರೆ ಜೋಡಿಯ ಮಕ್ಕಳಿಗೆ ಒಂದೇ ಹೆಸರು. ಗುಟ್ಟು ಬಿಟ್ಟುಕೊಡಬಾರದೆಂದು ತಾಯಿ ತಂದೆಯ ಹೆಸರನ್ನೇ ಹೇಳದವರೂ ಇದ್ದರು. ಆರ್ಕಿಡ್ ಗಿಡ ಹರಾಜಿನಲ್ಲಿ ಚಿನ್ನದ ಬೆಲೆಗೆ ಹೋಗುತ್ತಿದ್ದ ಕಾಲ ಅದು. ಹೆಸರು ಸುಳ್ಳಾದರೆ ಕೊಂಡವನು ಮುಳುಗಿದಂತೆ.

ವ್ಯಾಪಾರಿ ಬರೆದ ಲೆಕ್ಕ

ಈ ಗೋಜಲನ್ನು ಬಿಡಿಸಿದ್ದು ಸರ್ಕಾರವಲ್ಲ, ವಿಶ್ವವಿದ್ಯಾಲಯವೂ ಅಲ್ಲ. ಒಬ್ಬ ನರ್ಸರಿ ವ್ಯಾಪಾರಿ. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಊರಿನಲ್ಲಿ ನೆಲೆಸಿದ ಫ್ರೆಡರಿಕ್ ಸ್ಯಾಂಡರ್ (1847–1920). ಅವರನ್ನು ಆರ್ಕಿಡ್ ರಾಜನೆಂದೇ ಕರೆಯುತ್ತಿದ್ದರು. ಗಿಡ ತರಲು ಏಷ್ಯಾ ಮತ್ತು ದಕ್ಷಿಣ ಅಮೆರಿಕದ ಕಾಡುಗಳಿಗೆ ಆಳುಗಳನ್ನು ಕಳಿಸುತ್ತಿದ್ದರು. ಗಿಡಕ್ಕಾಗಿ ಮರಗಳನ್ನೇ ಕಡಿಸುತ್ತಿದ್ದ ಕಾಲ ಅದು, ಕಾಡುಗಳು ಬರಿದಾದವು. ಆದ್ದರಿಂದ ಈ ಕಥೆಯ ನಾಯಕ ಸಂತನೇನೂ ಅಲ್ಲ.

ಆದರೆ 1906ರಲ್ಲಿ ಸ್ಯಾಂಡರ್ ಸಂಸ್ಥೆ ಒಂದು ಕೆಲಸ ಮಾಡಿತು. ಅಲ್ಲಿಯವರೆಗೆ ತಿಳಿದಿದ್ದ ಆರ್ಕಿಡ್ ಮಿಶ್ರತಳಿಗಳನ್ನೆಲ್ಲ ತಾಯಿ ತಂದೆಯ ಸಮೇತ ಒಂದು ಪುಸ್ತಕಕ್ಕೆ ಇಳಿಸಿತು. ಅದನ್ನು ಜನ ‘ಸ್ಯಾಂಡರ್ಸ್ ಲಿಸ್ಟ್’ ಎಂದು ಕರೆದರು. ತಮ್ಮ ನರ್ಸರಿಯ ಗಿಡಗಳನ್ನು ಮಾತ್ರವಲ್ಲ, ಪೈಪೋಟಿಗೆ ನಿಂತ ಬೇರೆ ನರ್ಸರಿಗಳ ಗಿಡಗಳನ್ನೂ ಸೇರಿಸಿದ್ದರಿಂದಲೇ ಅದಕ್ಕೆ ಬೆಲೆ ಬಂತು. ಒಂದು ಜೋಡಿಗೆ ಒಂದೇ ಹೆಸರು, ಮೊದಲು ಬರೆಸಿದವರದೇ ನಿಲ್ಲಬೇಕು ಎಂಬ ಪದ್ಧತಿಗೆ ಇಂಥ ಪಟ್ಟಿಯೇ ಆಧಾರವಾಯಿತು.

ಪುಸ್ತಕಕ್ಕೆ ಒಂದು ಕಷ್ಟವಿತ್ತು. ಅಚ್ಚಾದ ಮರುದಿನವೇ ಅದು ಹಳತು. ಹೊಸ ಹೆಸರುಗಳಿಗಾಗಿ ಮತ್ತೊಂದು ಪುಸ್ತಕ, ಅದಾದ ಮೇಲೆ ಮಗದೊಂದು. 1946ರವರೆಗಿನ ಹೆಸರುಗಳನ್ನೆಲ್ಲ ಒಟ್ಟುಗೂಡಿಸಿ ದೊಡ್ಡ ಸಂಪುಟ ತಂದರು. ಅದರ ಹಿಂದೆಯೇ ಅನುಬಂಧಗಳ ಸಾಲು ಶುರುವಾಯಿತು. ಒಂದು ಗಿಡದ ಮೂಲ ಹುಡುಕಬೇಕಾದರೆ ಮಗಳ ಹೆಸರು ಈ ಸಂಪುಟದಲ್ಲಿ, ತಾಯಿಯದು ಹಿಂದಿನದರಲ್ಲಿ, ಅಜ್ಜಿಯದು ಇನ್ನೂ ಹಿಂದಿನದರಲ್ಲಿ. ಹಾಗಾಗಿ ಒಂದೇ ಒಂದು ಪುಸ್ತಕ ಕೊಂಡರೆ ಸಾಲದು, ಪೂರ್ತಿ ಕಪಾಟೇ ಬೇಕು. ದುಡ್ಡಿದ್ದ ನರ್ಸರಿಗಳು, ದೊಡ್ಡ ಗ್ರಂಥಾಲಯಗಳು ಇಟ್ಟುಕೊಂಡವು. ಹತ್ತು ಕುಂಡದಲ್ಲಿ ಗಿಡ ಬೆಳೆಸುವವನು ಮಾರುವವನ ಮಾತನ್ನೇ ನಂಬಬೇಕಿತ್ತು.

1961ರಿಂದ ಈ ಹೆಸರು ಬರೆಸುವ ಕೆಲಸ ಸ್ಯಾಂಡರ್ ಕುಟುಂಬದಿಂದ ಲಂಡನ್ನಿನ ತೋಟಗಾರರ ಸಂಘಕ್ಕೆ ಬಂತು. ಇಡೀ ಪ್ರಪಂಚಕ್ಕೆ ಆರ್ಕಿಡ್ ಮಿಶ್ರತಳಿಯ ಪಟ್ಟಿ ಇಡುವ ಅಧಿಕಾರ ಅದಕ್ಕೆ ಸಿಕ್ಕಿತು. ಸಂಘವೂ ಹಲವು ವರ್ಷ ಪುಸ್ತಕಗಳನ್ನೇ ಅಚ್ಚು ಹಾಕಿ ಮಾರಿತು, ಆಮೇಲೆ ಸಿಡಿಗಳನ್ನು ಮಾರಿತು. ಹೊಸ ಹೆಸರುಗಳು ‘ಆರ್ಕಿಡ್ ರಿವ್ಯೂ’ ಎಂಬ, 1893ರಲ್ಲಿ ಶುರುವಾದ ಪತ್ರಿಕೆಯ ಜೊತೆ ಚಂದಾದಾರರಿಗೆ ಬರುತ್ತಿದ್ದವು.

ಸಂಘ ಯಾಕೆ ದುಡ್ಡು ಕೇಳಿತು?

ಇಲ್ಲಿ ಸಂಘದವರನ್ನು ಜಿಪುಣರು ಎಂದು ಬಯ್ದು ಮುಂದೆ ಹೋಗುವುದು ಸುಲಭ. ಆದರೆ ಅವರ ಹಿಂದಿನ ಕಥೆ ಕೇಳಿದರೆ ಬಯ್ಯಲು ಮನಸ್ಸು ಬರುವುದಿಲ್ಲ.

ಈ ಸಂಘ ಹುಟ್ಟಿದ್ದು 1804ರ ಮಾರ್ಚ್ 7ರಂದು, ಲಂಡನ್ನಿನ ಒಂದು ಪುಸ್ತಕದಂಗಡಿಯಲ್ಲಿ ಸೇರಿದ್ದ ಏಳು ಜನರ ಸಭೆಯಲ್ಲಿ. ಐವತ್ತು ವರ್ಷ ತುಂಬುವಷ್ಟರಲ್ಲಿ ಸಾಲ ಕತ್ತಿನವರೆಗೆ ಬಂದಿತ್ತು. ಮೊದಲು ಒಣಗಿಸಿಟ್ಟಿದ್ದ ಗಿಡಗಳ ಸಂಗ್ರಹ ಮಾರಿದರು. 1859ರಲ್ಲಿ ಗ್ರಂಥಾಲಯವನ್ನೇ ಹರಾಜು ಹಾಕಿದರು. ಕಷ್ಟಪಟ್ಟು ಕೂಡಿಹಾಕಿದ ಪುಸ್ತಕಗಳು ಊರೂರಿಗೆ ಚದುರಿದವು. ಹಿಂದೆ ಹೇಳಿದ ಲಿಂಡ್ಲಿ 1865ರಲ್ಲಿ ತೀರಿಕೊಂಡ ಮೇಲೆ ಅವರ ಸ್ವಂತ ಪುಸ್ತಕಗಳನ್ನು ಕೊಂಡು ಸಂಘ ಹೊಸದಾಗಿ ಗ್ರಂಥಾಲಯ ಕಟ್ಟಬೇಕಾಯಿತು. ಅದಕ್ಕೆ ಇವತ್ತಿಗೂ ಲಿಂಡ್ಲಿ ಗ್ರಂಥಾಲಯ ಎಂದೇ ಹೆಸರು.

ಪಕ್ಕದ ಇನ್ನೊಂದು ಸಂಘದ ಕಥೆಯೂ ಇದೇ. ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿಯನ್ನು ಗಟ್ಟಿ ಮಾಡಿದ ಸ್ವೀಡನ್ನಿನ ಲಿನೇಯಸ್ ಕಾಲವಾದ ಮೇಲೆ, ಅವರ ಗಿಡ ಮತ್ತು ಪುಸ್ತಕಗಳ ಸಂಗ್ರಹವನ್ನು ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಯುವಕ 1784ರಲ್ಲಿ ಕೊಂಡರು. 1788ರಲ್ಲಿ ಅವರೇ ಮುಂದೆ ನಿಂತು ಲಿನಿಯನ್ ಸೊಸೈಟಿ ಕಟ್ಟಿದರು. ಸ್ಮಿತ್ ತೀರಿಕೊಂಡ ಮೇಲೆ ಆ ಸಂಗ್ರಹವನ್ನು ಸಂಘ 3,150 ಪೌಂಡ್ ಕೊಟ್ಟು ಕೊಂಡಿತು. ಆ ಸಾಲ ತೀರಿದ್ದು 1861ರಲ್ಲಿ, ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ.

ದಾಖಲೆ ಕಾಯುವುದು ಅಂದರೆ ದನ ಕಟ್ಟಿದ ಹಾಗೆ. ದಿನಾ ಮೇವು ಹಾಕಬೇಕು. ಒಣಗಿಸಿದ ಗಿಡಕ್ಕೆ ಹುಳ ಹಿಡಿಯದಂತೆ ನೋಡಬೇಕು, ಪುಸ್ತಕಕ್ಕೆ ತೇವ ತಾಗದಂತೆ ನೋಡಬೇಕು, ಬಂದ ಅರ್ಜಿಯಲ್ಲಿ ಹೆಸರು ಸರಿ ಇದೆಯೇ ಎಂದು ಒಬ್ಬರು ಕೂತು ಪರಿಶೀಲಿಸಬೇಕು. ಪುಸ್ತಕ ಮಾರಿದ ದುಡ್ಡು ಇದಕ್ಕೆ ಹೋಗುತ್ತಿತ್ತು. ಸುದ್ದಿ ಬರೆದು ಬದುಕುವ ನಾವು, ಬರೆಯುವವರಿಗೆ ದುಡ್ಡು ಯಾಕೆ ಎಂದು ಕೇಳುವ ಹಾಗೂ ಇಲ್ಲ.

ಹಾಗಾದರೆ ಪಟ್ಟಿಯನ್ನು ಪುಕ್ಕಟೆ ತೆರೆದಿಟ್ಟಿದ್ದು ಯಾಕೆ, ಹೇಗೆ?

ಬಾಗಿಲು ತೆರೆದ ಬಗೆ

ಕಂಪ್ಯೂಟರ್ ಬಂದ ಮೇಲೆ ಲೆಕ್ಕ ಬದಲಾಯಿತು. ಹತ್ತು ಜನ ನೋಡಿದರೂ ಹತ್ತು ಸಾವಿರ ಜನ ನೋಡಿದರೂ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕಾಗದವಿಲ್ಲ, ಅಂಚೆಯಿಲ್ಲ. ಇನ್ನೊಂದು ಕಡೆ, ಪಟ್ಟಿ ಕಾಣದಿದ್ದರೆ ಸಂಘಕ್ಕೇ ತೊಂದರೆ. ಥಾಯ್ಲೆಂಡಿನಲ್ಲೋ ತೈವಾನಿನಲ್ಲೋ ಒಬ್ಬರು ಆಗಲೇ ಇರುವ ಹೆಸರಿಗೇ ಮತ್ತೆ ಅರ್ಜಿ ಹಾಕುತ್ತಾರೆ, ಆಗಲೇ ಆದ ಜೋಡಿಗೆ ಹೊಸ ಹೆಸರು ಕೇಳುತ್ತಾರೆ. ಎಲ್ಲರಿಗೂ ಕಾಣುವ ಪಟ್ಟಿ ಇಂಥ ತಪ್ಪನ್ನು ತಡೆಯುತ್ತದೆ. ಎಲ್ಲರಿಗೂ ಕಂಡಾಗಲೇ ಪಟ್ಟಿಯ ತಪ್ಪುಗಳೂ ಹೊರಬೀಳುತ್ತವೆ.

ಈಗಿರುವ ಏರ್ಪಾಡು ಹೀಗಿದೆ. ಹೊಸ ತಳಿಗೆ ಹೆಸರು ಬರೆಸುವವರು ಒಂದಿಷ್ಟು ಶುಲ್ಕ ಕಟ್ಟುತ್ತಾರೆ. ಸಂಘದ ಸದಸ್ಯರ ಚಂದಾ, ತೋಟ ನೋಡಲು ಬರುವವರ ಟಿಕೆಟ್, ಹೂವಿನ ಪ್ರದರ್ಶನದ ಆದಾಯ ಸಂಘವನ್ನು ನಡೆಸುತ್ತವೆ. ಪಟ್ಟಿ ನೋಡುವವರಿಗೆ ಖರ್ಚಿಲ್ಲ. ಅದರಲ್ಲಿ ಈಗ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಚಿತ್ರ, ವಿಶ್ಲೇಷಣೆ, ಬೆಳೆಸುವ ವಿಧಾನ, ಇತಿಹಾಸ ಇರುವ ಪುಸ್ತಕ ಪತ್ರಿಕೆಗಳಿಗೆ ಮಾತ್ರ ಬೆಲೆ ಕಟ್ಟುತ್ತಾರೆ.

ಹಳೆಯ ಪುಸ್ತಕಗಳಿಗೂ ಬಾಗಿಲು ತೆರೆಯಿತು. 2006ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಹತ್ತು ಗ್ರಂಥಾಲಯಗಳು ಸೇರಿ ‘ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ’ ಶುರು ಮಾಡಿದವು. ಗಿಡ ಮತ್ತು ಪ್ರಾಣಿಗಳ ಬಗ್ಗೆ ಬಂದ ಹಳೆಯ ಪುಸ್ತಕ, ಸಂಘಗಳ ನಡಾವಳಿ, ಪತ್ರಿಕೆಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಪುಕ್ಕಟೆ ಇಟ್ಟಿದ್ದಾರೆ. ಇದುವರೆಗೆ ಆರು ಕೋಟಿಗೂ ಹೆಚ್ಚು ಪುಟಗಳಾಗಿವೆ. ಲಿನಿಯನ್ ಸೊಸೈಟಿ ಕೂಡ ಸಾಲ ಮಾಡಿ ಕೊಂಡಿದ್ದ ಆ ಒಣಗಿದ ಗಿಡಗಳ ಚಿತ್ರಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. 2012ರ ಜನವರಿ 1ರಿಂದ ಇನ್ನೊಂದು ಬದಲಾವಣೆ ಬಂತು. ಅಲ್ಲಿಯವರೆಗೆ ಕಾಡಿನ ಹೊಸ ಗಿಡಕ್ಕೆ ಇಟ್ಟ ಹೆಸರು ಕಾಗದದ ಮೇಲೆ ಅಚ್ಚಾದರೆ ಮಾತ್ರ ಸಿಂಧು. ಅಂದಿನಿಂದ ನಿಯಮಕ್ಕೆ ಒಳಪಟ್ಟ ಇ-ಪತ್ರಿಕೆಯಲ್ಲಿ ಬಂದರೂ ಸಿಂಧು ಎಂದಾಯಿತು.

ಒಬ್ಬ ಹೆಣ್ಣುಮಗಳ ಹೆಸರು ಉಳಿದಿದ್ದು

ಇಷ್ಟೆಲ್ಲ ಯಾರಿಗೆ ಬೇಕು ಎನ್ನುವವರಿಗೆ ಸಿಂಗಪುರದ ಕಥೆ ಹೇಳುತ್ತೇವೆ.

ಆಗ್ನೆಸ್ ಜೋಕಿಮ್ ಸಿಂಗಪುರದಲ್ಲಿದ್ದ ಅರ್ಮೇನಿಯನ್ ಮನೆತನದ ಹೆಣ್ಣುಮಗಳು. ತೋಟಗಾರಿಕೆಯಲ್ಲಿ ಒಳ್ಳೆಯ ಕೈ. 1893ರಲ್ಲಿ ಆಕೆ ಒಂದು ಹೊಸ ಆರ್ಕಿಡ್ ಹೂವನ್ನು ಅಲ್ಲಿನ ಸಸ್ಯೋದ್ಯಾನದ ಮುಖ್ಯಸ್ಥ ಹೆನ್ರಿ ರಿಡ್ಲಿ ಅವರಿಗೆ ತೋರಿಸಿದರು. ರಿಡ್ಲಿ ಅದೇ ವರ್ಷ ಲಂಡನ್ನಿನ ‘ಗಾರ್ಡನರ್ಸ್ ಕ್ರಾನಿಕಲ್’ ಪತ್ರಿಕೆಗೆ ಆ ಹೂವಿನ ಬಗ್ಗೆ ಬರೆದು, ಎರಡು ಗಿಡಗಳನ್ನು ಕೂಡಿಸಿ ಈ ತಳಿ ಪಡೆದವರು ಆಕೆಯೇ ಎಂದು ಹೇಳಿದರು. ಹೂವಿಗೆ ‘ವಾಂಡಾ ಮಿಸ್ ಜೋಕಿಮ್’ ಎಂದು ಹೆಸರಾಯಿತು. 1899ರಲ್ಲಿ ಆಗ್ನೆಸ್ ತೀರಿಕೊಂಡರು. 1981ರಲ್ಲಿ ಆ ಹೂವು ಸಿಂಗಪುರದ ರಾಷ್ಟ್ರೀಯ ಹೂವಾಯಿತು.

ಆದರೆ ನಡುವೆ ಒಂದು ಕಥೆ ಬೆಳೆದಿತ್ತು. ಆಕೆ ಏನೂ ಮಾಡಲಿಲ್ಲ, ಬಿದಿರು ಮೆಳೆಯ ನಡುವೆ ತಾನಾಗಿ ಹುಟ್ಟಿದ್ದ ಗಿಡ ಕಣ್ಣಿಗೆ ಬಿತ್ತು, ಅಷ್ಟೇ. ಹೇಳಿದವರು ಹೇಳುತ್ತ ಹೋದರು, ಕೇಳಿದವರು ನಂಬುತ್ತ ಹೋದರು. ಹೆಣ್ಣುಮಗಳ ಕೈಕೆಲಸ ಅದೃಷ್ಟವೆಂದು ಹೆಸರಾಯಿತು. ಇದನ್ನು ಪ್ರಶ್ನಿಸಿದವರಿಗೆ ಬಲವಾಗಿ ಸಿಕ್ಕಿದ್ದು 1893ರ ಆ ಹಳೆಯ ಪತ್ರಿಕೆಯ ಬರಹ. ಕಡೆಗೆ 2016ರಲ್ಲಿ ಸಿಂಗಪುರದ ಸರ್ಕಾರಿ ಸಂಸ್ಥೆಗಳು ಆ ತಳಿಯನ್ನು ಮಾಡಿದವರು ಆಗ್ನೆಸ್ ಅವರೇ ಎಂದು ಒಪ್ಪಿದವು.

ಇದರಲ್ಲಿ ಎರಡು ಪಾಠ ಇವೆ. ಆ ಪತ್ರಿಕೆ ಕಾಸಿಗೆ ಮಾರಾಟವಾಗುತ್ತಿದ್ದ ಪತ್ರಿಕೆ. ಬರೆದು, ಅಚ್ಚು ಹಾಕಿ, ಮಾರಿ ಬದುಕಿದವರು ಇದ್ದದ್ದರಿಂದಲೇ ಆ ಸಾಕ್ಷಿ ಹುಟ್ಟಿತು. ಆದರೆ ಅದು ಕೆಲವೇ ಗ್ರಂಥಾಲಯಗಳ ಕಪಾಟಿನಲ್ಲಿ ಕೂತಿದ್ದಷ್ಟು ಕಾಲವೂ ಸುಳ್ಳು ಕಥೆ ಹಾಯಾಗಿ ಓಡಾಡಿಕೊಂಡಿತ್ತು. ಸಾಕ್ಷಿ ಹುಟ್ಟಲು ದುಡ್ಡು ಬೇಕು. ಸಾಕ್ಷಿ ಮಾತಾಡಲು ಬಾಗಿಲು ತೆರೆದಿರಬೇಕು.

ಪುಕ್ಕಟೆಯಲ್ಲಿ ಕಳೆದುಕೊಂಡಿದ್ದು

ತೆರೆದಿಟ್ಟರೆ ಎಲ್ಲ ಸರಿಹೋಯಿತು ಎಂದೂ ಅಲ್ಲ.

ಮೊದಲನೆಯದು, ಕಂಪ್ಯೂಟರಿನ ಪಟ್ಟಿ ರಾತ್ರೋರಾತ್ರಿ ಬದಲಾಗುತ್ತದೆ. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಆರ್ಕಿಡ್‌ಗಳ ಸಂಬಂಧಗಳನ್ನು ಹೊಸದಾಗಿ ಲೆಕ್ಕ ಹಾಕಿದರು. ಬ್ರೆಜಿಲ್ಲಿನ ‘ಲೇಲಿಯಾ’ ಗುಂಪಿನ ಗಿಡಗಳನ್ನು ‘ಕ್ಯಾಟ್ಲಿಯಾ’ ಗುಂಪಿಗೆ ಸೇರಿಸಿದರು. ಅವುಗಳ ಮಕ್ಕಳು ಮೊಮ್ಮಕ್ಕಳ ಹೆಸರಿನ ಮೊದಲ ಭಾಗವೂ ಪಟ್ಟಿಯಲ್ಲಿ ಬದಲಾಯಿತು. ಸಿಂಗಪುರದ ಆ ‘ವಾಂಡಾ’ ಕೂಡ ಈಗ ಪಟ್ಟಿಯಲ್ಲಿ ‘ಪ್ಯಾಪಿಲಿಯೊನಾಂತೆ’. ಹೀಗೆ ಬದಲಾದಾಗ ಹಿಂದೆ ಏನಿತ್ತು ಎಂದು ನಿಂತು ಹೇಳುವುದು ಅಚ್ಚಾದ ಪುಸ್ತಕ. ಖಾತೆ ಬದಲಾವಣೆಯಲ್ಲಿ ಎಡವಟ್ಟಾದಾಗ ಹಳೆಯ ಕೈಬರಹದ ಪಹಣಿ ಹುಡುಕುವವರಿಗೆ ಇದು ಅರ್ಥವಾಗುತ್ತದೆ.

ಎರಡನೆಯದು, ಸಂಘಗಳ ಪತ್ರಿಕೆಗಳ ಬದುಕು. ಎಷ್ಟೋ ಜನ ಹೊಸ ಹೆಸರುಗಳ ಪಟ್ಟಿಗಾಗಿಯೇ ಚಂದಾ ಕಟ್ಟುತ್ತಿದ್ದರು. ಪಟ್ಟಿ ಪುಕ್ಕಟೆ ಸಿಕ್ಕ ಮೇಲೆ ಪತ್ರಿಕೆ ಯಾಕೆ? ಪಟ್ಟಿಯಲ್ಲಿ ಹೆಸರಿರುತ್ತದೆ ನಿಜ. ಆದರೆ ಆ ಗಿಡ ಯಾಕೆ ಮುಖ್ಯ, ಯಾವ ಹವೆಗೆ ಬರುತ್ತದೆ, ಮಾಡಿದವರು ಯಾರು ಎಂದು ಕೂತು ಬರೆಯುವವರು ಬೇಕು. ಆ ಬರಹಕ್ಕೆ ಕೊಡುವವರಿಲ್ಲವಾದರೆ ಮುಂದಿನ ಆಗ್ನೆಸ್‌ಗೆ ಸಾಕ್ಷಿ ಹೇಳುವ ರಿಡ್ಲಿ ಇರುವುದಿಲ್ಲ.

ಮೂರನೆಯದು ನಮ್ಮ ಕಾಡಿನ ವಿಚಾರ. ಮಿಶ್ರತಳಿಯ ಪಟ್ಟಿ ಎಷ್ಟು ತೆರೆದಿದ್ದರೂ ಅಪಾಯವಿಲ್ಲ. ಆದರೆ ಕಾಡಿನ ಅಪರೂಪದ ಸೀತಾಳೆ ಯಾವ ಬೆಟ್ಟದ ಯಾವ ಮರದ ಮೇಲಿದೆ ಎಂದು ಬರೆದಿಟ್ಟರೆ ಕೀಳುವವರಿಗೆ ದಾರಿ ತೋರಿಸಿದಂತೆ. ಅದಕ್ಕೇ ಅಪರೂಪದ ಗಿಡಗಳ ನಿಖರ ಜಾಗವನ್ನು ಹಲವು ಜಾಲತಾಣಗಳು ಬೇಕೆಂದೇ ಮಸುಕು ಮಾಡುತ್ತವೆ. ಗಿಡದ ಹೆಸರು ಊರಿಗೆಲ್ಲ ಗೊತ್ತಿರಲಿ, ಅದಿರುವ ಮರ ಕಾಯುವವರಿಗಷ್ಟೇ ಗೊತ್ತಿರಲಿ.

ನಮ್ಮ ನೆಲದ ಲೆಕ್ಕ

ಕರ್ನಾಟಕದಲ್ಲೂ ಇದೇ ದಾರಿ ಸಾಗಿದೆ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಜೆಸ್ವಿಟ್ ಪಾದ್ರಿ ಸೆಸಿಲ್ ಸಲ್ಡಾನ ಹಾಸನ ಜಿಲ್ಲೆಯ ಗಿಡಗಳನ್ನು ಸುತ್ತಾಡಿ ಸಂಗ್ರಹಿಸಿದರು. ಅಮೆರಿಕದ ಡಾನ್ ನಿಕೋಲ್ಸನ್ ಜೊತೆ ಸೇರಿ 1976ರಲ್ಲಿ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ ಎಂಬ ದಪ್ಪ ಪುಸ್ತಕ ತಂದರು. ಹಾಸನದ ಗಿಡಗಳ ಬಗ್ಗೆ ಬಂದ ಆ ಪುಸ್ತಕ ಹಾಸನದ ಹಳ್ಳಿಗಳಲ್ಲಿ ಎಷ್ಟು ಜನರ ಕೈಗೆ ಸಿಕ್ಕೀತು? ಅವರ ಒಣಗಿಸಿದ ಗಿಡಗಳ ಸಂಗ್ರಹ ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಆ ಸಂಸ್ಥೆಯವರು ‘ಡಿಜಿಟಲ್ ಫ್ಲೋರಾ ಆಫ್ ಕರ್ನಾಟಕ’ ಎಂಬ ಜಾಲತಾಣ ಮಾಡಿ ರಾಜ್ಯದ ಗಿಡಗಳ ವಿವರ ಮತ್ತು ಚಿತ್ರಗಳನ್ನು ಪುಕ್ಕಟೆ ಕೊಟ್ಟಿದ್ದಾರೆ. ಪಿಯುಸಿ ಓದುವ ಹುಡುಗಿ ಸಕಲೇಶಪುರದ ತೋಟದಲ್ಲಿ ನಿಂತು ಅದನ್ನು ತೆರೆಯಬಹುದು.

ಆದರೆ ಹೊಸ ಸಂಶೋಧನೆ ಅಚ್ಚಾಗುವ ಎಷ್ಟೋ ಪತ್ರಿಕೆಗಳು ಇನ್ನೂ ದುಬಾರಿ. ಹೊರಗಿನವರು ಒಂದೇ ಲೇಖನ ಓದಲು ಸಾವಿರಾರು ರೂಪಾಯಿ ಕೊಡಬೇಕು. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಸಿಗುತ್ತವೆ. ಒಳ್ಳೆಯದೇ. ಆದರೆ ಆ ಸಂಸ್ಥೆಗಳ ಗೇಟಿನ ಹೊರಗೆ ನಿಂತ ರೈತನಿಗೆ ಬಾಗಿಲು ಮುಚ್ಚಿಯೇ ಇದೆ.

ರೈತನಿಗೆ ನೇರವಾಗಿ ತಾಗುವ ಪಟ್ಟಿ ಬೇರೊಂದಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ಭತ್ತ, ರಾಗಿ, ಮಾವು ಮುಂತಾದವುಗಳ ತಳಿಗಳನ್ನು ಹೆಸರು ಬರೆಸಬಹುದು. ರೈತರೇ ಉಳಿಸಿ ಬೆಳೆಸಿದ ತಳಿಗೆ ನೋಂದಣಿ ಶುಲ್ಕವಿಲ್ಲ. ಯಾರಾದರೂ ಅರ್ಜಿ ಹಾಕಿ ಅದು ಅಂಗೀಕಾರವಾದರೆ ಅದನ್ನು ಪ್ರಕಟಿಸುತ್ತಾರೆ. ಪ್ರಕಟವಾದ ದಿನದಿಂದ ಮೂರು ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ನಿಮ್ಮೂರಲ್ಲಿ ಅಜ್ಜನ ಕಾಲದಿಂದ ಬೆಳೆಯುವ ಭತ್ತವನ್ನು ಬೇರೆ ಯಾರೋ ತಮ್ಮದೆಂದು ಬರೆಸಲು ಹೊರಟರೆ ನಿಮಗಿರುವುದು ಆ ಮೂರು ತಿಂಗಳು. ಆ ಪ್ರಕಟಣೆ ಇರುವ ‘ಪ್ಲಾಂಟ್ ವೆರೈಟಿ ಜರ್ನಲ್ ಆಫ್ ಇಂಡಿಯಾ’ ಪ್ರಾಧಿಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅದಕ್ಕೆ ಚಂದಾ ಇಟ್ಟಿದ್ದರೆ ಕಾನೂನು ಕೊಟ್ಟ ಹಕ್ಕು ಕಾಗದದಲ್ಲೇ ಉಳಿಯುತ್ತಿತ್ತು. ಪುಕ್ಕಟೆ ಇದ್ದರೂ ಕನ್ನಡದಲ್ಲಿಲ್ಲ ಎಂಬುದು ಬೇರೆ ಮಾತು. ಬಾಗಿಲು ತೆರೆದಿದೆ, ಹೊಸ್ತಿಲು ಎತ್ತರವಿದೆ.

ಹೆಸರು ಬರೆಸುವುದರಿಂದ ಆಗುವ ಲಾಭಕ್ಕೆ ದೂರ ಹೋಗಬೇಕಿಲ್ಲ. ತುಮಕೂರು ಜಿಲ್ಲೆ ಚೇಳೂರಿನ ‘ಸಿದ್ದು’ ಹಲಸು ಒಂದು ಮನೆಯ ಒಂದು ಮರವಾಗಿತ್ತು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅದರ ಗುಣ ದಾಖಲಿಸಿ, 2017ರಲ್ಲಿ ಆ ರೈತ ಕುಟುಂಬದ ಜೊತೆ ಒಪ್ಪಂದ ಮಾಡಿಕೊಂಡಿತು. ಸಸಿ ಮಾರಿದ ಆದಾಯದ ದೊಡ್ಡ ಪಾಲು ರೈತರಿಗೇ. ದಾಖಲೆಯಲ್ಲಿ ಹೆಸರು ಇಲ್ಲದಿದ್ದರೆ ಆ ಮರದ ಕಣ್ಣು ಕಸಿಯಾಗಿ ಊರೂರು ಸುತ್ತುತ್ತಿತ್ತು, ಮರದ ಯಜಮಾನರಿಗೆ ಮಾತ್ರ ಏನೂ ಬರುತ್ತಿರಲಿಲ್ಲ.

ನಾವು ಹೇಳುವುದು ಇಷ್ಟು

ದಾಖಲೆ ಬೇರೆ, ಪುಸ್ತಕ ಬೇರೆ. ಯಾವ ಗಿಡ, ಯಾರದು, ಎಂದು ಬರೆಸಿದ್ದು ಎಂಬ ಸಾಲು ಊರ ಬಾವಿಯ ನೀರಿನ ಹಾಗೆ. ಅದಕ್ಕೆ ಬೀಗ ಹಾಕಬಾರದು. ಆ ಸಾಲಿನ ಹಿಂದಿನ ಕಥೆ, ಚಿತ್ರ, ವಿವರಣೆ ಒಬ್ಬರ ದುಡಿಮೆ. ಅದಕ್ಕೆ ಬೆಲೆ ಕೊಡಬೇಕು. ಸ್ಯಾಂಡರ್ ಪಟ್ಟಿ ನೂರು ವರ್ಷದಲ್ಲಿ ಬಂದು ಮುಟ್ಟಿದ್ದು ಈ ತೀರ್ಮಾನಕ್ಕೇ. ಲಂಡನ್ನಿನ ಸಂಘ 1859ರಲ್ಲಿ ಗ್ರಂಥಾಲಯ ಹರಾಜು ಹಾಕಿದ್ದನ್ನು ನೆನೆದರೆ ಇನ್ನೊಂದು ಮಾತೂ ಸೇರಿಸಬೇಕು. ನೋಡುವವರಿಗೆ ಪುಕ್ಕಟೆ ಎಂದರೆ ಕಾಯುವವರಿಗೂ ಪುಕ್ಕಟೆ ಎಂದಲ್ಲ. ಅವರ ಸಂಬಳ ಎಲ್ಲಿಂದ ಬರಬೇಕು ಎಂಬುದನ್ನು ಮೊದಲೇ ಯೋಚಿಸದಿದ್ದರೆ ಇವತ್ತು ತೆರೆದ ಬಾಗಿಲು ನಾಳೆ ಮುಚ್ಚುತ್ತದೆ.

ನಮ್ಮೂರುಗಳಲ್ಲಿ ಮಾಡಬೇಕಾದ ಕೆಲಸ ಒಂದಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಬೀಜ, ತಳಿ, ಅವುಗಳ ಬಗೆಗಿನ ತಿಳಿವಳಿಕೆಯನ್ನು ಜನರನ್ನು ಕೇಳಿಯೇ ಅದು ‘ಜನತಾ ಜೀವವೈವಿಧ್ಯ ದಾಖಲಾತಿ’ಯಲ್ಲಿ ಬರೆಯಬೇಕು. ನಿಮ್ಮ ಪಂಚಾಯಿತಿಗೆ ಹೋದಾಗ ಅದನ್ನು ತೋರಿಸಿ ಎಂದು ಕೇಳಿ. ನಿಮ್ಮೂರಿನ ಹಲಸು, ಅಪ್ಪೆಮಿಡಿ, ಭತ್ತ ಅದರಲ್ಲಿವೆಯೇ ನೋಡಿ. ಯಾರ ಮನೆಯ ಮರ, ಯಾವ ಅಜ್ಜಿ ಉಳಿಸಿದ ಬೀಜ ಎಂದು ಹೆಸರು ಹಿಡಿದು ಬರೆದಿದ್ದಾರೆಯೇ, ಇಲ್ಲ ‘ಸ್ಥಳೀಯ ತಳಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಾರೆಯೇ ನೋಡಿ. ಮದ್ದಿನ ಗುಟ್ಟು, ಅಪರೂಪದ ಗಿಡದ ಜಾಗ ಎಲ್ಲರಿಗೂ ಕಾಣಬೇಕೇ ಬೇಡವೇ ಎಂಬುದನ್ನು ಊರಿನವರೇ ಕೂತು ತೀರ್ಮಾನಿಸಿ.

ಆಗ್ನೆಸ್ ಜೋಕಿಮ್ ಹೆಸರು ಉಳಿಯಲು 1893ರಲ್ಲಿ ಒಬ್ಬರು ಬರೆದಿಟ್ಟ ಒಂದು ಸಣ್ಣ ಬರಹ ಆಸರೆಯಾಯಿತು. ನಮ್ಮ ಅಜ್ಜಿಯರ ಬೀಜಕ್ಕೂ ಅಂಥದ್ದೊಂದು ಸಾಲು ಬೇಕು.